ಹಗ್ಗ, ಗಂಟು ಮತ್ತು ಮರದ ಎತ್ತರ

ಮರ ಹತ್ತುವುದು ಒಂದೋ ಮಕ್ಕಳಾಟ, ಇಲ್ಲವೇ ಹೊಟ್ಟೆಪಾಡಿನ ಕಸುಬು ಎಂದು ತಿಳಿಯುವುದು ವಾಡಿಕೆ. ಮರಕೋತಿ ಆಡಿ ಬೆಳೆದವರು ದೊಡ್ಡವರಾದ ಮೇಲೆ ಮರದ ಕಡೆ ಸುಳಿಯುವುದಿಲ್ಲ. ಆಮೇಲೂ ಹತ್ತುವವರು ಅಡಿಕೆ, ತೆಂಗು, ಜೇನು, ಶೇಂದಿಗಾಗಿ ಹತ್ತುತ್ತಾರೆ. ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದು ಕಳೆದ ನಾಲ್ಕು ದಶಕಗಳಲ್ಲಿ ಅಮೆರಿಕ, ಯುರೋಪ್ ಮತ್ತು ಜಪಾನ್‌ಗಳಲ್ಲಿ ಬೇರೂರಿದೆ. ವಯಸ್ಕರು, ಯಾವ ಫಲವನ್ನೂ ಕೊಯ್ಯುವ ಉದ್ದೇಶವಿಲ್ಲದೆ, ಹಗ್ಗ ಮತ್ತು ಹಾರ್ನೆಸ್, ಅಂದರೆ ಸೊಂಟಕ್ಕೂ ತೊಡೆಗಳಿಗೂ ಬಿಗಿಯುವ ಪಟ್ಟಿಯ ನೆರವಿನಿಂದ, ಕೇವಲ ಹತ್ತುವ ಸಂತೋಷಕ್ಕಾಗಿ ಮರ ಹತ್ತುವ ಹವ್ಯಾಸವಿದು. ಬಂಡೆ ಏರುವುದರಲ್ಲಿ ಪಳಗಿ ಬಳಿಕ ಮರಗಳ ಆರೈಕೆಯ ವೃತ್ತಿಗಿಳಿದ ಪೀಟರ್ ಜೆಂಕಿನ್ಸ್ 1983ರಲ್ಲಿ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ಟ್ರೀ ಕ್ಲೈಂಬರ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯನ್ನು ಕಟ್ಟಿ, ಅಲ್ಲಿಯವರೆಗೆ ವೃತ್ತಿಯವರ ಸೊತ್ತಾಗಿದ್ದ ಹಗ್ಗದ ವಿದ್ಯೆಯನ್ನು ಜನಸಾಮಾನ್ಯರಿಗೆ ಕಲಿಸತೊಡಗಿದಾಗಿನಿಂದ ಈ ಹವ್ಯಾಸಕ್ಕೆ ಒಂದು ರೂಪ ಬಂದಿತು.

ಇದರಲ್ಲಿ ಸಿಗುವ ಆನಂದ ಯಾವುದು ಎಂದು ಕೇಳಿದರೆ ಎತ್ತರ, ನೋಟ, ರೋಮಾಂಚನ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಉತ್ತರ ಸುಳ್ಳಲ್ಲ, ಆದರೆ ಸಾಲದು. ಎತ್ತರವೇ ಗುರಿಯಾಗಿದ್ದರೆ ಗೋಪುರವೊಂದರ ಮೆಟ್ಟಿಲು ಆ ಕೆಲಸವನ್ನು ಇನ್ನೂ ಕಡಿಮೆ ಶ್ರಮದಲ್ಲಿ ಮಾಡಿಕೊಡುತ್ತಿತ್ತು. ಜಪಾನಿನಲ್ಲಿ ಈ ಹವ್ಯಾಸವನ್ನು ಬೆಳೆಸಿದ ಜಾನ್ ಗ್ಯಾಥ್‌ರೈಟ್ ಮತ್ತು ಸಂಗಡಿಗರು ಮರ ಹತ್ತಿದವರನ್ನೂ ಕಾಂಕ್ರೀಟ್ ಗೋಪುರ ಹತ್ತಿದವರನ್ನೂ ಹೋಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವು ಮನಸ್ಸನ್ನು ಹಗುರಗೊಳಿಸುವುದರಲ್ಲಿ ಮರದ ಪಾಲೇ ಹೆಚ್ಚು ಎಂದು ಕಂಡುಕೊಂಡಿತು. ಅದಕ್ಕಿಂತ ಗಮನಾರ್ಹವಾದುದು ಹವ್ಯಾಸಿಗಳ ನಡವಳಿಕೆ. ಅವರು ಹತ್ತಿದ ಮರವನ್ನೇ ಮತ್ತೆ ಮತ್ತೆ ಹತ್ತುತ್ತಾರೆ. ಅದರ ಎತ್ತರವೂ ಅಲ್ಲಿಂದ ಕಾಣುವ ನೋಟವೂ ಗೊತ್ತಿದ್ದು, ಹೊಸದೊಂದು ಗಂಟನ್ನೋ ಹಗ್ಗದ ಹೊಸದೊಂದು ವಿನ್ಯಾಸವನ್ನೋ ಪರೀಕ್ಷಿಸಲೆಂದೇ ಹತ್ತುತ್ತಾರೆ. ಇಲ್ಲಿ ತಂತ್ರವನ್ನು ಕಲಿಯುವುದು ಆನಂದಕ್ಕೆ ಮಾಡಿಕೊಳ್ಳುವ ಸಿದ್ಧತೆಯಲ್ಲ, ಆ ಆನಂದದ ಬಹುಪಾಲು ಅದೇ ಎಂಬುದು ಈ ಲೇಖನದ ವಾದ. ಈ ಕಲಿಕೆ ಎಲ್ಲಿಯವರೆಗೆ ಮರವನ್ನು ಅರಿಯುವ ದಾರಿಯಾಗಿರುತ್ತದೆಯೋ ಅಲ್ಲಿಯವರೆಗೆ ಮಾತ್ರ ಅದಕ್ಕೆ ಬೆಲೆಯಿದೆ ಎಂಬುದು ಆ ವಾದದ ಇನ್ನೊಂದು ಮುಖ.

ಕಲಿಕೆ ಶುರುವಾಗುವುದು ನೆಲದ ಮೇಲೆ. ಮೊದಲ ಕೊಂಬೆಯೇ ಮೂರು ನಾಲ್ಕು ಆಳೆತ್ತರದಲ್ಲಿರುವ ಮರಕ್ಕೆ ಹಗ್ಗ ತೊಡಿಸಬೇಕಾದರೆ ಮೊದಲು ಸುಮಾರು ಎರಡು ಮಿಲಿಮೀಟರ್ ದಪ್ಪದ ನುಣುಪು ದಾರವೊಂದನ್ನು ಮೇಲೆ ಕಳಿಸಬೇಕು. ಅದರ ತುದಿಗೆ 300ರಿಂದ 400 ಗ್ರಾಂ ತೂಗುವ, ಸೀಸದ ಗುಂಡು ತುಂಬಿದ ಪುಟ್ಟ ಚೀಲ ಇರುತ್ತದೆ. ಎಸೆಯುವವನು ಕಾಲುಗಳನ್ನು ಅಗಲಿಸಿ ನಿಂತು, ದಾರದ ಕುಣಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಚೀಲವನ್ನು ಮೊಣಕಾಲುಗಳ ನಡುವೆ ಹಿಂದಕ್ಕೂ ಮುಂದಕ್ಕೂ ತೂಗಿ, ತೂಗಾಟ ತನ್ನ ಲಯಕ್ಕೆ ಬಂದಾಗ ಕೈ ಬಿಡುತ್ತಾನೆ. ಚೀಲ ಕೊಂಬೆಯನ್ನು ದಾಟಿದರೆ ಸಾಲದು, ತನ್ನ ಭಾರದಿಂದಲೇ ದಾರವನ್ನು ಎಳೆದುಕೊಂಡು ನೆಲಕ್ಕೆ ಇಳಿಯಬೇಕು. ತೊಗಟೆ ಒರಟಾಗಿದ್ದರೆ ದಾರ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಗ ದಾರಕ್ಕೆ ಸಣ್ಣ ಸಣ್ಣ ಅಲೆಗಳನ್ನು ಕೊಟ್ಟು ಚೀಲವನ್ನು ಅಂಗುಲ ಅಂಗುಲವಾಗಿ ಇಳಿಸಬೇಕು. ಬೇಕಾದ ಕೊಂಬೆಯ ಜೊತೆ ಬೇಡದ ಎರಡು ರೆಂಬೆಗಳನ್ನೂ ದಾರ ಬಳಸಿದ್ದರೆ, ಚೀಲವನ್ನು ಮತ್ತೆ ಮೇಲೆಳೆದು, ಅಲ್ಲಿಯೇ ತೂಗಾಡಿಸಿ, ಆ ರೆಂಬೆಗಳಿಂದ ಬಿಡಿಸಿ ಸರಿಯಾದ ಕವಲಿನಲ್ಲಿ ಬೀಳಿಸಬೇಕು. ದೊಡ್ಡ ಕವಣೆಯಿಂದ ಚೀಲ ಹಾರಿಸುವ ಸಾಧನವೂ ಇದೆ. ಅದು ದೂರವನ್ನು ಗೆಲ್ಲುತ್ತದೆ, ಆದರೆ ದಾರವನ್ನು ಬಿಡಿಸುವ ಈ ನಾಜೂಕಿನ ಕೆಲಸವನ್ನು ಅದು ಮಾಡಿಕೊಡಲಾರದು.

ಒಂದು ಕವಲಿಗೆ ದಾರ ಹಾಕಲು ಅರ್ಧ ದಿನ ಕಳೆಯುವವರನ್ನು ನೋಡಿ ಹೊರಗಿನವರಿಗೆ ಬೇಸರವಾಗಬಹುದು. ಆದರೆ ಆ ಅರ್ಧ ದಿನದಲ್ಲಿ ಎಸೆಯುವವನು ಮರವನ್ನು ಬುಡದಿಂದ ನೆತ್ತಿಯವರೆಗೆ ಹತ್ತಾರು ಬಾರಿ ಓದಿರುತ್ತಾನೆ. ಯಾವ ಕೊಂಬೆ ಹಸಿರಾಗಿದೆ, ಯಾವುದು ಒಣಗಿ ಮೇಲೆ ತೂಗಿಕೊಂಡಿದೆ, ಬುಡದಲ್ಲಿ ಅಣಬೆಗಳೆದ್ದು ಒಳಗಿನ ಕೊಳೆತವನ್ನು ಸೂಚಿಸುತ್ತಿವೆಯೇ, ಕವಲಿನಲ್ಲಿ ಬಿರುಕಿದೆಯೇ, ಜೇನುಗೂಡಿದೆಯೇ, ಹತ್ತಿರದಲ್ಲಿ ವಿದ್ಯುತ್ ತಂತಿ ಹಾದಿದೆಯೇ ಎಂಬ ಪ್ರಶ್ನೆಗಳು ಕೇವಲ ಸುರಕ್ಷತೆಯ ಪಟ್ಟಿಯಲ್ಲ; ರಸ್ತೆಬದಿಯ ಮರವನ್ನು ನಲವತ್ತು ವರ್ಷ ನೋಡಿದವರಿಗೂ ಹೊಳೆಯದ ಪ್ರಶ್ನೆಗಳು ಅವು.

ಹಗ್ಗ ಮೇಲೇರಿದ ಬಳಿಕ ಗಂಟಿನ ಪಾಳಿ. ಮರ ಹತ್ತುವವರ ವಿದ್ಯೆಗೆ ಆಧಾರವಾಗಿರುವುದು ಘರ್ಷಣೆಯ ಗಂಟು; ಅಂದರೆ ಒಂದು ಹಗ್ಗದ ಮೇಲೆ ಇನ್ನೊಂದನ್ನು ಸುತ್ತಿ ಕಟ್ಟಿದ, ಭಾರ ಬಿದ್ದಾಗ ಕಚ್ಚಿ ಹಿಡಿಯುವ, ಭಾರ ತೆಗೆದಾಗ ಕೈಗೆ ಸರಿಯುವ ಗಂಟು. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ 1931ರಲ್ಲಿ ಪ್ರಕಟಿಸಿದ ಗಂಟು ಈ ಕುಲದಲ್ಲಿ ಪ್ರಸಿದ್ಧವಾದುದು. ಮರ ಹತ್ತುವವರು ಹೆಚ್ಚಾಗಿ ಕಲಿಯುವ ಬ್ಲೇಕ್ಸ್ ಹಿಚ್ 1994ರಲ್ಲಿ ಅಮೆರಿಕದ ಜೇಸನ್ ಬ್ಲೇಕ್ ಅವರಿಂದ ಪ್ರಚಾರ ಪಡೆಯಿತು. ಅದನ್ನು ಅವರಿಗಿಂತ ಮೊದಲೇ ಆಸ್ಟ್ರಿಯಾದ ಹೈನ್ಸ್ ಪ್ರೊಹಾಸ್ಕಾ ಸ್ವತಂತ್ರವಾಗಿ ಕಂಡುಹಿಡಿದಿದ್ದರು. (ಗಂಟುಗಳಿಗೆ ಯಾರ ಹೆಸರು ಸಲ್ಲಬೇಕೆಂದು ಹವ್ಯಾಸಿಗಳು ನಡೆಸುವ ವಾದಕ್ಕೆ ಗಂಟು ಕಟ್ಟುವುದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು.) ಹಗ್ಗದ ತುದಿಯನ್ನು ಮುಖ್ಯ ಹಗ್ಗಕ್ಕೆ ಕೆಳಗಿನಿಂದ ಮೇಲಕ್ಕೆ ನಾಲ್ಕು ಸುತ್ತು ಸುತ್ತಿ, ಉಳಿದ ತುದಿಯನ್ನು ಕೆಳಗಿಳಿಸಿ, ಕೆಳಗಿನ ಎರಡು ಸುತ್ತುಗಳ ಒಳಗಿನಿಂದ ಹಾಯಿಸಿ ಹೊರತೆಗೆದು, ತುದಿ ಜಾರದಂತೆ ಎಂಟರಾಕಾರದ ತಡೆಗಂಟು ಹಾಕಿದರೆ ಅದು ಸಿದ್ಧ. ತುದಿ ಹಾಯುವ ದಾರಿ ಒಂದು ಕಡೆ ತಪ್ಪಿದರೆ ಕಣ್ಣಿಗೆ ಅದರಂತೆಯೇ ತೋರುವ, ಆದರೆ ಭಾರ ಬಿದ್ದಾಗ ಬಿಚ್ಚಿಕೊಳ್ಳುವ ಗಂಟಾಗುತ್ತದೆ. ಆದ್ದರಿಂದಲೇ ಕಟ್ಟಿದ ಮೇಲೆ ಸುತ್ತುಗಳನ್ನು ಒತ್ತಿ ಜೋಡಿಸಿ, ಎಳೆದು ಬಿಗಿಮಾಡಿ, ನೆಲದಿಂದ ಗೇಣುದ್ದ ಮೇಲೆ ಪೂರ್ತಿ ಭಾರ ಹಾಕಿ ತೂಗಿ ನೋಡದೆ ಯಾರೂ ಮೇಲೇರಬಾರದೆಂಬ ನಿಯಮವಿದೆ.

ಈ ಗಂಟಿನೊಡನೆ ಕಳೆದ ಸಮಯ ಕೈಗೆ ಕಲಿಸುವ ಪಾಠವನ್ನು ಪುಸ್ತಕ ಕಲಿಸಲಾರದು. ಹಗ್ಗ ಹೊಸದಿದ್ದರೆ ಗಂಟು ಜಾರುತ್ತದೆ, ಹಳೆಯದಾಗಿ ನಾರೆದ್ದರೆ ಕಚ್ಚುತ್ತದೆ. ಮಳೆಯಲ್ಲಿ ನೆನೆದರೆ ಒಂದು ಗುಣ, ಮೈಭಾರ ಬದಲಾದರೆ ಇನ್ನೊಂದು. ಇಳಿಯುವಾಗ ಆತುರ ಮಾಡಿದರೆ ಘರ್ಷಣೆಯ ಶಾಖಕ್ಕೆ ಕೃತಕ ನಾರು ಕರಗಿ, ಹಗ್ಗದ ಮೇಲ್ಮೈ ಗಾಜಿನಂತೆ ಹೊಳಪೇರಿ ಗಟ್ಟಿಯಾಗುತ್ತದೆ, ಆ ಭಾಗದ ಹಿಡಿತ ಕೆಡುತ್ತದೆ. ಬಂಡೆ ಏರುವವರ ಹಗ್ಗ ಬೀಳುವವನನ್ನು ಮೃದುವಾಗಿ ತಡೆಯಲೆಂದು ಹಿಗ್ಗುವಂಥದ್ದು. ಮರ ಹತ್ತುವವರದು ಸಾಮಾನ್ಯವಾಗಿ 11ರಿಂದ 13 ಮಿಲಿಮೀಟರ್ ದಪ್ಪದ, ಹೆಚ್ಚು ಹಿಗ್ಗದ ಹಗ್ಗ. ಹತ್ತುವವನು ಬೀಳದಂತೆ, ಸದಾ ಮೇಲಿನಿಂದ ಬಿಗಿಯಾಗಿ ತೂಗಿಕೊಂಡಿರಬೇಕೆಂಬುದೇ ಇದರ ಹಿಂದಿನ ತತ್ತ್ವ. ಹಗ್ಗ ಸಡಿಲಬಿಟ್ಟು ಅದರ ಆಧಾರಬಿಂದುವಿಗಿಂತ ಮೇಲೆ ಹೋದವನು ಕೆಲವೇ ಅಡಿ ಬಿದ್ದರೂ ಪೆಟ್ಟು ಭೀಕರವಾಗಬಹುದು.

ಹಗ್ಗವನ್ನು ಬಳಸುವ ಎರಡು ಮುಖ್ಯ ಪದ್ಧತಿಗಳನ್ನು ಹೋಲಿಸಿದರೆ ಹೊಸ ತಂತ್ರ ಎಂಬುದು ಬರೀ ಹೊಸ ಆಟಿಕೆಯಲ್ಲ, ಹೊಸ ಬಗೆಯ ಆಲೋಚನೆ ಎಂಬುದು ಸ್ಪಷ್ಟವಾಗುತ್ತದೆ. ಮೊದಲನೆಯದು ಚಲಿಸುವ ಹಗ್ಗದ ಪದ್ಧತಿ. ಹಗ್ಗ ಕೊಂಬೆಯನ್ನು ಬಳಸಿ ಬಂದು ಹತ್ತುವವನ ಸೊಂಟಕ್ಕೆ ಒಂದು ತುದಿಯಲ್ಲಿ ಕಟ್ಟಿರುತ್ತದೆ, ಇನ್ನೊಂದು ಎಳೆಯನ್ನು ಅವನು ಗಂಟಿನ ಮೂಲಕ ಕೆಳಕ್ಕೆ ಎಳೆಯುತ್ತ ಏರುತ್ತಾನೆ. ಒಂದಡಿ ಏರಲು ಎರಡಡಿ ಹಗ್ಗ ಎಳೆಯಬೇಕು, ಅದಕ್ಕೆ ಪ್ರತಿಯಾಗಿ ಎಳೆಯುವ ಬಲ ಮೈಭಾರದ ಅರ್ಧದಷ್ಟು ಸಾಕು. ಕೊಂಬೆಯಲ್ಲಿನ ಘರ್ಷಣೆ ಈ ಲಾಭದ ಒಂದು ಪಾಲನ್ನು ತಿಂದುಹಾಕುತ್ತದೆ. ಎರಡನೆಯದು ಗುಹಾಶೋಧಕರಿಂದ ಬಂದ ನಿಶ್ಚಲ ಹಗ್ಗದ ಪದ್ಧತಿ. ಇಲ್ಲಿ ಹಗ್ಗ ಅಲುಗುವುದಿಲ್ಲ, ಹತ್ತುವವನು ಕೈಕಾಲುಗಳಿಗೆ ಜೋಡಿಸಿಕೊಂಡ ಹಿಡಿಕೆಗಳಿಂದ ಅದರ ಮೇಲೆ ನಡೆಯುವಂತೆ ಏರುತ್ತಾನೆ. ಶ್ರಮ ಕಡಿಮೆ, ವೇಗ ಹೆಚ್ಚು, ಕಾಲಿನ ಬಲ ಪೂರ್ತಿಯಾಗಿ ಬಳಕೆಗೆ ಬರುತ್ತದೆ. ಆದರೆ ಹಗ್ಗದ ಇನ್ನೊಂದು ತುದಿಯನ್ನು ಮರದ ಬುಡಕ್ಕೆ ಕಟ್ಟಿದ್ದರೆ ಮೇಲಿನ ಕೊಂಬೆಯ ಮೇಲೆ ಎರಡೂ ಬದಿಯ ಎಳೆತ ಬೀಳುತ್ತದೆ; 70 ಕಿಲೋ ತೂಗುವವನು ಕೊಂಬೆಗೆ ಸುಮಾರು 140 ಕಿಲೋ ಆಗುತ್ತಾನೆ. ಮೊದಲ ಪದ್ಧತಿಯಲ್ಲಿ ತಡೆದುಕೊಂಡ ಕೊಂಬೆ ಎರಡನೆಯದರಲ್ಲಿ ತಡೆದೀತು ಎನ್ನುವಂತಿಲ್ಲ. ಹೊಸ ಪದ್ಧತಿ ಕಲಿತವನು ಹಳೆಯ ಮರವನ್ನು ಹೊಸದಾಗಿ ತೂಗಿ ನೋಡಬೇಕಾಗುತ್ತದೆ, ಈ ಮರುತೂಕವೇ ಬುದ್ಧಿಗೆ ಸಿಗುವ ಸುಖ.

ಇಷ್ಟು ಹೇಳಿದ ಮೇಲೆ ಆಕ್ಷೇಪವೊಂದನ್ನು ಎದುರಿಸಲೇಬೇಕು. ತಂತ್ರದ ಮೋಹ ಬೇಗನೆ ಸಲಕರಣೆಯ ಮೋಹವಾಗುತ್ತದೆ. ಗಂಟಿನ ಕೆಲಸವನ್ನು ಲೋಹದ ಕೊಂಡಿಗಳಿಂದ ಮಾಡಿಕೊಡುವ ಪೆಟ್ಜ್‌ಲ್ ಕಂಪನಿಯ ಜಿಗ್‌ಜ್ಯಾಗ್‌ನಂಥ ಸಾಧನಗಳು, ತರತರದ ಕ್ಯಾರಬೀನರ್ ಕೊಕ್ಕೆಗಳು, ರಾಟೆಗಳು ಒಂದರ ಹಿಂದೊಂದು ಮಾರುಕಟ್ಟೆಗೆ ಬರುತ್ತಿವೆ. ಹವ್ಯಾಸಿಯ ಬೀರು ತುಂಬುತ್ತದೆ, ಮರದ ಮೇಲೆ ಕಳೆಯುವ ಗಂಟೆಗಳು ಹೆಚ್ಚುವುದಿಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದನ್ನು ಸಾಧನಗಳ ಮೇಲೆಲ್ಲ ಸಾರಾಸಗಟಾಗಿ ಹೊರಿಸುವುದು ನ್ಯಾಯವಲ್ಲ. ಅಮೆರಿಕದ ಕೆವಿನ್ ಬಿಂಗ್‌ಹ್ಯಾಮ್ ರೂಪಿಸಿದ ರೋಪ್ ರೆಂಚ್ ಎಂಬ ಪುಟ್ಟ ಸಾಧನವನ್ನು ನೋಡಬಹುದು. ನಿಶ್ಚಲ ಹಗ್ಗದ ಮೇಲೆ ಘರ್ಷಣೆಯ ಗಂಟೊಂದೇ ಪೂರ್ತಿ ಭಾರ ಹೊತ್ತರೆ ಅದು ಬಿಗಿದು ಕೂರುತ್ತದೆ, ಇಳಿಯಲು ಬಿಡುವುದಿಲ್ಲ. ಗಂಟಿನ ಮೇಲ್ಗಡೆ ಹಗ್ಗವನ್ನು ತುಸು ಬಾಗಿಸಿ ಭಾರದ ಒಂದು ಪಾಲನ್ನು ಅಲ್ಲಿಯೇ ಘರ್ಷಣೆಯಲ್ಲಿ ಕಳೆಯುವಂತೆ ಮಾಡಿದರೆ ಗಂಟು ಮತ್ತೆ ಕೈಮಾತು ಕೇಳುತ್ತದೆ. ಹಗ್ಗದ ಸ್ವಭಾವವನ್ನು ಆಳವಾಗಿ ಬಲ್ಲ ಮನಸ್ಸಿನಿಂದ ಹುಟ್ಟಿದ ಉಪಾಯವಿದು. ಗಂಟನ್ನು ಕಟ್ಟಿ, ಅದರೊಡನೆ ಹೆಣಗಿ, ಅದು ಬಿಗಿದುಕೊಂಡಾಗ ಗಾಳಿಯಲ್ಲಿ ತೂಗಾಡಿ ಪರದಾಡಿದವನಿಗೆ ಈ ಸಾಧನ ಏನು ಮಾಡುತ್ತಿದೆ ಎಂಬುದು ತಿಳಿಯುತ್ತದೆ. ನೇರ ಅಂಗಡಿಯಿಂದ ತಂದವನಿಗೆ ಅದು ಕೆಲಸ ಮಾಡುತ್ತದೆ ಎಂಬುದಷ್ಟೇ ತಿಳಿಯುತ್ತದೆ. ಹೀಗಾಗಿ ಬರಿಗಂಟಿನಿಂದ ಆರಂಭಿಸಿ ಯಂತ್ರಕ್ಕೆ ಹೋಗುವ ಕ್ರಮವನ್ನು ಹಳಬರು ಒತ್ತಿ ಹೇಳುವುದು ಸಂಪ್ರದಾಯಪ್ರಿಯತೆಯಿಂದಲ್ಲ. ಯಾವ ಹೊಸ ತಂತ್ರವನ್ನಾದರೂ ಮೊದಲು ನೆಲದ ಹತ್ತಿರದಲ್ಲಿ, ನಿಧಾನವಾಗಿ ಮಾಡಿ ನೋಡಬೇಕೆಂಬ ಅವರ ಸೂತ್ರವೂ ಅಷ್ಟೇ ಸರಿಯಾದುದು.

ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುವ ಆಕ್ಷೇಪ ಇನ್ನೂ ಆಕರ್ಷಕ: ಹಗ್ಗವೇ ಬೇಡ, ಬರಿಗೈಯಲ್ಲಿ ಹತ್ತುವುದೇ ಮರದೊಡನೆ ನಿಜವಾದ ಸಂಗ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳ ಇಂದಿನ ಪ್ರಮುಖ ಅಧ್ಯಯನಕಾರ ಸ್ಟೀವ್ ಸಿಲೆಟ್ ಕಾಲೇಜು ವಿದ್ಯಾರ್ಥಿಯಾಗಿದ್ದಾಗ, 1987ರಲ್ಲಿ, ಅಂಥದೊಂದು ಮರವನ್ನು ಹಗ್ಗವಿಲ್ಲದೆ ಹತ್ತಿದ ಸಾಹಸವನ್ನು ರಿಚರ್ಡ್ ಪ್ರೆಸ್ಟನ್ 2007ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಆದರೆ ಅದೇ ಸಿಲೆಟ್ ಮುಂದೆ ಆ ಮರಗಳ ನೆತ್ತಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದು ಹಗ್ಗದ ಮೇಲೆಯೇ. ಬರಿಗೈಯವನ ಗಮನವೆಲ್ಲ ಮುಂದಿನ ಹಿಡಿತದ ಮೇಲಿರುತ್ತದೆ, ಅವನು ಕಾಂಡವನ್ನು ಬಿಟ್ಟು ದೂರ ಹೋಗಲಾರ. ಹಗ್ಗದವನು ಕೊಂಬೆಯ ತುದಿಯತ್ತ ನಡೆದು ಹೋಗಬಲ್ಲ. ಆ ನಡಿಗೆಯ ರೀತಿ ಹೀಗಿದೆ: ಭಾರವನ್ನು ಸೊಂಟದಿಂದ ಹಗ್ಗಕ್ಕೆ ಬಿಟ್ಟುಕೊಟ್ಟು, ಹಿಂದಕ್ಕೆ ತುಸು ಒರಗಿ, ಪಾದಗಳನ್ನು ಕೊಂಬೆಯ ಮೇಲೆ ಅಡ್ಡಡ್ಡ ಸರಿಸುತ್ತ, ಗಂಟನ್ನು ಒಂದೊಂದೇ ಗೇಣು ಸಡಿಲಿಸಬೇಕು. ಕಾಂಡದಿಂದ ದೂರ ಸರಿದಂತೆ ಹಗ್ಗ ಓರೆಯಾಗುತ್ತದೆ. ಅದು ಮೇಲಕ್ಕೆತ್ತುವುದು ಕಡಿಮೆಯಾಗಿ ಕಾಂಡದತ್ತ ಸೆಳೆಯುವುದು ಹೆಚ್ಚುತ್ತದೆ. ಕಾಲಿನ ಮೇಲೆ ಬೀಳುವ ಭಾರ ಏರುವ ಹೊತ್ತಿಗೇ ಕೊಂಬೆ ತೆಳ್ಳಗಾಗುತ್ತ ಬಾಗತೊಡಗುತ್ತದೆ. ಹಗ್ಗದ ಆಧಾರ ಎಷ್ಟು ಎತ್ತರದಲ್ಲಿದ್ದರೆ ಓರೆ ಅಷ್ಟು ಕಡಿಮೆ, ಆದ್ದರಿಂದ ಕೊಂಬೆಯ ತುದಿಯಲ್ಲಿನ ಸುಖವನ್ನು ನಿರ್ಧರಿಸುವುದು ಅರ್ಧ ದಿನ ಹಿಡಿದು ಎಸೆದ ಆ ದಾರ. ಇದನ್ನು ಪಾದದಡಿ ಅನುಭವಿಸಿದವನಿಗೆ ಹಗ್ಗ ಮರಕ್ಕೂ ತನಗೂ ಅಡ್ಡವಾಗಿದೆ ಎಂದು ಅನ್ನಿಸಲಾರದು.

ಹಗ್ಗ ಅಪಾಯವನ್ನು ಇಲ್ಲವಾಗಿಸುತ್ತದೆ ಎಂದು ಇದರರ್ಥವಲ್ಲ. ಮರದ ನೆತ್ತಿಯ ಜೀವವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ, ಭಾರತೀಯ ತಂದೆಯ ಮಗಳಾದ ನಳಿನಿ ನಾಡಕರ್ಣಿ ದಶಕಗಳ ಅನುಭವದ ಬಳಿಕವೂ 2015ರಲ್ಲಿ ಸುಮಾರು 50 ಅಡಿ ಎತ್ತರದಿಂದ ಬಿದ್ದು ತೀವ್ರವಾಗಿ ಗಾಯಗೊಂಡು, ಚೇತರಿಸಿಕೊಂಡು ಕೆಲಸಕ್ಕೆ ಮರಳಿದರು. ಅವರ ಹೆಸರನ್ನು ಇಲ್ಲಿ ತರಲು ಇನ್ನೂ ಒಂದು ಕಾರಣವಿದೆ. ಅಮೆರಿಕದ ವಾಯವ್ಯ ಕರಾವಳಿಯ ಮಳೆಕಾಡಿನಲ್ಲಿ ಹಗ್ಗ ಹಿಡಿದು ಮೇಪಲ್ ಮರಗಳನ್ನು ಹತ್ತಿದ ಅವರು, ಕೊಂಬೆಗಳ ಮೇಲೆ ಪಾಚಿ ಕೊಳೆತು ಉಂಟಾದ ಮಣ್ಣಿನೊಳಕ್ಕೆ ಮರವೇ ತನ್ನ ಕೊಂಬೆಯಿಂದ ಬೇರಿಳಿಸಿ ಪೋಷಕಾಂಶ ಹೀರುತ್ತದೆ ಎಂಬುದನ್ನು 1981ರಲ್ಲಿ ಪ್ರಕಟಿಸಿದರು. ನೆಲದಲ್ಲಿ ನಿಂತು ಶತಮಾನಗಳ ಕಾಲ ನೋಡಿದರೂ ತಿಳಿಯದ ಸಂಗತಿಯಿದು. ಜೀವವಿಜ್ಞಾನಿ ಡೊನಾಲ್ಡ್ ಪೆರಿ 1970ರ ದಶಕದಲ್ಲಿ ಕೋಸ್ಟರಿಕಾದಲ್ಲಿ ಅಡ್ಡಬಿಲ್ಲಿನಿಂದ ದಾರ ಹಾರಿಸಿ ಕಾಡಿನ ಮೇಲ್ಛಾವಣಿಗೆ ದಾರಿ ಮಾಡಿಕೊಂಡದ್ದೂ, ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಸೌಭದ್ರಾ ದೇವಿ ಪಶ್ಚಿಮ ಘಟ್ಟದ ದಕ್ಷಿಣದ ಕಾಡುಗಳಲ್ಲಿ ಹಗ್ಗದ ಮೇಲೆ ಏರಿ ಹೂವು ಮತ್ತು ಪರಾಗಸ್ಪರ್ಶವನ್ನು ಅಧ್ಯಯನ ಮಾಡಿದ್ದೂ ಇದೇ ಪರಂಪರೆಗೆ ಸೇರುತ್ತವೆ. ಮರದ ನೆತ್ತಿಯ ಅಧ್ಯಯನಕಾರರ ಐದನೆಯ ಅಂತರರಾಷ್ಟ್ರೀಯ ಸಮ್ಮೇಳನ 2009ರಲ್ಲಿ ಬೆಂಗಳೂರಿನಲ್ಲಿಯೇ ನಡೆಯಿತು. ಹವ್ಯಾಸಿ ವಿಜ್ಞಾನಿಯಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಕವಲಿನ ಪೊಟರೆಯಲ್ಲಿ ಕಟ್ಟಿದ ಮಣ್ಣನ್ನೂ ಅದರಲ್ಲಿ ಮೊಳೆತ ಜರಿಗಿಡವನ್ನೂ ಮೂಗಿನ ನೇರಕ್ಕೆ ಕಂಡವನ ಕುತೂಹಲಕ್ಕೂ ವಿಜ್ಞಾನಿಯ ಕುತೂಹಲಕ್ಕೂ ಇರುವ ಅಂತರ ಶಿಸ್ತಿನದು, ಜಾತಿಯದಲ್ಲ.

ಮರದ ಕಡೆಯಿಂದ ನೋಡಿದರೆ ತಂತ್ರ ಕಲಿಕೆಗೆ ಇನ್ನೊಂದು ಸಮರ್ಥನೆ ಸಿಗುತ್ತದೆ. ತೊಗಟೆಯ ಒಳಗಡೆ ಕೇಂಬಿಯಂ ಎಂಬ ತೆಳುಪದರವಿದ್ದು, ಕಾಂಡ ದಪ್ಪವಾಗುವುದೂ ಗಾಯ ಮುಚ್ಚಿಕೊಳ್ಳುವುದೂ ಅದರಿಂದಲೇ. ಬೂಟಿಗೆ ಮುಳ್ಳು ಕಟ್ಟಿಕೊಂಡು ಹತ್ತಿದರೆ ಪ್ರತಿ ಹೆಜ್ಜೆಯೂ ಈ ಪದರವನ್ನು ಚುಚ್ಚುತ್ತದೆ. ಆದ್ದರಿಂದ ಕಡಿಯಲಿರುವ ಮರಗಳಿಗಷ್ಟೇ ಮುಳ್ಳು ಎಂಬುದು ಹವ್ಯಾಸಿಗಳು ಒಪ್ಪಿದ ಕಟ್ಟಳೆ. ಚಲಿಸುವ ಹಗ್ಗವೂ ತೊಗಟೆಯನ್ನು ಉಜ್ಜಿ ಸವೆಸುವುದರಿಂದ, ಎರಡು ಬಳೆಗಳಿರುವ ಚರ್ಮದ ಅಥವಾ ನೈಲಾನಿನ ಪಟ್ಟಿಯೊಂದನ್ನು ಕವಲಿಗೆ ಹಾಕಿ ಹಗ್ಗವನ್ನು ಆ ಬಳೆಗಳ ಮೂಲಕ ಓಡಿಸುತ್ತಾರೆ. ನೆಲದಲ್ಲಿ ನಿಂತೇ ಅದನ್ನು ಮೇಲೆ ಕೂರಿಸುವುದೂ ಕೊನೆಗೆ ನೆಲದಿಂದಲೇ ಬಿಡಿಸಿಕೊಳ್ಳುವುದೂ ಒಂದು ಸ್ವತಂತ್ರ ಕೌಶಲ. ಆದರೆ ಕೌಶಲ ಇದ್ದಮಾತ್ರಕ್ಕೆ ಎಲ್ಲ ಮರವನ್ನೂ ಹತ್ತುವ ಹಕ್ಕು ಬರುವುದಿಲ್ಲ. 2006ರಲ್ಲಿ ಪತ್ತೆಯಾದ, ಸಿಲೆಟ್ ನೆತ್ತಿಯಿಂದ ಅಳತೆಪಟ್ಟಿ ಇಳಿಬಿಟ್ಟು 115.55 ಮೀಟರ್ ಎಂದು ಅಳೆದ ಹೈಪೀರಿಯನ್ ಎಂಬ ರೆಡ್‌ವುಡ್, ಇಂದಿಗೆ ತಿಳಿದಿರುವ ಮರಗಳಲ್ಲೆಲ್ಲ ಎತ್ತರದ್ದು. ಅದರ ನೆಲೆಯನ್ನು ಗುಟ್ಟಾಗಿಡಲು ಯತ್ನಿಸಿದರೂ ಜನ ಹುಡುಕಿಕೊಂಡು ಹೋಗಿ ಬುಡದ ಸುತ್ತಲಿನ ಸಸ್ಯಗಳನ್ನು ತುಳಿದು ಹಾಳುಮಾಡಿದ್ದರಿಂದ 2022ರಲ್ಲಿ ಆ ಮರವಿರುವ ಉದ್ಯಾನದ ಆಡಳಿತವು ಅಲ್ಲಿಗೆ ಹೋಗುವುದನ್ನೇ ನಿಷೇಧಿಸಿತು. ಹಾನಿ ಮಾಡಿದವರು ಹತ್ತುವವರಲ್ಲ, ನೋಡಲು ಬಂದವರು. ಆದರೂ ದಾಖಲೆಯ ಎತ್ತರದ ಹಂಬಲ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಆನಂದ ಕಲಿಕೆಯಲ್ಲಿದೆ ಎಂದು ಒಪ್ಪಿದವನಿಗೆ ಹೈಪೀರಿಯನ್ ಬೇಕಾಗುವುದಿಲ್ಲ, ಅನುಮತಿ ಸಿಕ್ಕಿದ ಒಂದು ಸಾಧಾರಣ ಓಕ್ ಸಾಕು.

ಕರ್ನಾಟಕದ ಓದುಗರಿಗೆ ಏಳುವ ಪ್ರಶ್ನೆ ಬೇರೆಯೇ ಇರಬಹುದು. ಮರ ಹತ್ತುವುದು ಬಡವನ ಅನಿವಾರ್ಯವಾಗಿರುವ ನಾಡಿನಲ್ಲಿ ಅದನ್ನು ವಿನೋದವೆಂದು ಕೊಂಡಾಡುವುದು ಉಳ್ಳವರ ಚೇಷ್ಟೆಯಲ್ಲವೇ? ಮಲೆನಾಡಿನ ಕೊನೆಗೌಡ, ಅಂದರೆ ಅಡಿಕೆಯ ಗೊನೆ ಕೊಯ್ಯುವವನು, ಕಾಲಿಗೆ ತಳೆ ಎಂಬ ಕುಣಿಕೆ ಹಾಕಿಕೊಂಡು, ಮಳೆಗಾಲದ ಪಾಚಿಗಟ್ಟಿದ ಅಡಿಕೆಮರಗಳನ್ನು ಕೊಳೆರೋಗದ ಔಷಧಿ ಹೊಡೆಯಲು ದಿನವಿಡೀ ಏರುತ್ತಾನೆ. ಬಿದ್ದು ಸೊಂಟ ಮುರಿದುಕೊಂಡವರು ಊರೂರಿಗೂ ಇದ್ದಾರೆ. ಆ ಕಷ್ಟದಿಂದಲೇ ಮುಂದಿನ ತಲೆಮಾರು ಕಸುಬನ್ನು ಬಿಟ್ಟಿತು. ಕಾರ್ಬನ್ ಫೈಬರ್ ದೋಟಿ ಬಂತು, ಬಂಟ್ವಾಳದ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರ ಮರ ಹತ್ತುವ ಮೋಟಾರು ಯಂತ್ರ 2019ರಲ್ಲಿ ಸುದ್ದಿಯಾಯಿತು. ಪ್ರಶ್ನೆ ನ್ಯಾಯವಾದುದೇ. ಆದರೆ ವಿನೋದವನ್ನೂ ದುಡಿಮೆಯನ್ನೂ ಎದುರುಬದುರು ನಿಲ್ಲಿಸುವ ಅದರ ಒಳನಂಬಿಕೆಗೆ ಈ ವಿದ್ಯೆಯ ಚರಿತ್ರೆ ಪುಷ್ಟಿ ಕೊಡುವುದಿಲ್ಲ. ಹವ್ಯಾಸಿಗಳ ತಂತ್ರಗಳಲ್ಲಿ ಹೆಚ್ಚಿನವು ಮರಗಳ ಆರೈಕೆಯ ವೃತ್ತಿಯವರಿಂದಲೇ ಬಂದವು. 1976ರಿಂದ ನಡೆದುಬಂದಿರುವ ಮರ ಹತ್ತುವವರ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ವೃತ್ತಿಯವರೇ ಆಟಗಾರರು, ದಾರ ಎಸೆಯುವುದರ ಜೊತೆಗೆ ಮರದ ಮೇಲೆ ಗಾಯಗೊಂಡು ಸಿಕ್ಕಿಕೊಂಡವನನ್ನು ಇಳಿಸಿ ತರುವುದೂ ಅಲ್ಲಿ ಒಂದು ಪಂದ್ಯ. ಆಡುತ್ತ ಕಲಿತದ್ದು ಮರುದಿನದ ಕೆಲಸದಲ್ಲಿ ಜೀವ ಉಳಿಸುತ್ತದೆ.

ಕೊಂಬೆಯಿಲ್ಲದ, ತೆಳುಕಾಂಡದ ಅಡಿಕೆಮರಕ್ಕೆ ಕವಲಿನ ಹಗ್ಗದ ಪದ್ಧತಿ ನೇರವಾಗಿ ಒಗ್ಗುವುದಿಲ್ಲ ಎಂಬುದು ನಿಜ. ಆದರೆ ಕಾಂಡವನ್ನು ಬಳಸಿ ಸೊಂಟಕ್ಕೆ ಸೇರುವ, ಗಂಟಿನಿಂದ ಹಿಗ್ಗಿಸಿ ಕುಗ್ಗಿಸಬಹುದಾದ ಎರಡನೆಯ ಹಗ್ಗ ಯಾವ ಮರಕ್ಕಾದರೂ ಒಗ್ಗುತ್ತದೆ, ಅದಕ್ಕೆ ತಗಲುವ ವೆಚ್ಚವೂ ದೊಡ್ಡದಲ್ಲ. ಕಲಿಕೆ ಒಮ್ಮುಖವಾಗಬೇಕಾಗಿಯೂ ಇಲ್ಲ. ಒಂದು ಮರದ ನೆತ್ತಿಯಿಂದ ಇನ್ನೊಂದರ ನೆತ್ತಿಗೆ ನೆಲ ಮುಟ್ಟದೆ ದಾಟುವುದನ್ನು ಹವ್ಯಾಸಿಗಳು ಪಳಗಿದವರ ವಿದ್ಯೆಯೆಂದು ಎಣಿಸುತ್ತಾರೆ, ಅದಕ್ಕಾಗಿ ಎರಡೆರಡು ಹಗ್ಗ ಹೂಡುತ್ತಾರೆ. ಅಡಿಕೆಮರವನ್ನು ಮೈಭಾರದಿಂದ ತೂಗಿ, ಬಾಗಿಸಿ, ಪಕ್ಕದ ಮರವನ್ನು ಕೈಗೆ ಎಟುಕಿಸಿಕೊಂಡು ದಾಟುವ ಕೊನೆಗೌಡ ಅದನ್ನು ಒಂದೇ ತೋಟದಲ್ಲಿ ದಿನಕ್ಕೆ ಎಷ್ಟೋ ಬಾರಿ ಮಾಡುತ್ತಾನೆ. ಕಾಂಡ ಎಷ್ಟು ಬಾಗೀತು, ಎಲ್ಲಿ ಮುರಿದೀತು ಎಂಬ ಅವನ ಲೆಕ್ಕವನ್ನು ಕೇಳಿ ತಿಳಿಯಬೇಕಾದವರಲ್ಲಿ ಹಗ್ಗದ ಹವ್ಯಾಸಿಗಳೂ ಸೇರಿದ್ದಾರೆ.